ಒಂದೇ ಬಾವಿಯ ನೀರು

ಐಸ್ ಫ್ಯಾಕ್ಟರಿ ನಡೆಸುವ ತಮ್ಮನು ಬಾಯಿ ತೆರೆದರೆ ಸಾಕು, ಅಕ್ಕನ ತುಟಿ ಸೊಟ್ಟಗಾಗುತ್ತಿತ್ತು. ಅಪ್ಪ ಬಿಟ್ಟುಹೋದ ಅಂಗಳದ ಒಂದು ಬದಿಗೆ ಅವಳ ಲಾಂಡ್ರಿ, ಇನ್ನೊಂದು ಬದಿಗೆ ಅವನ ಫ್ಯಾಕ್ಟರಿ, ನಡುವೆ ಇಬ್ಬರಿಗೂ ಸೇರಿದ ಬಾವಿ. ಅವಳು ಆಸ್ಪತ್ರೆಯ ಹಾಸುಬಟ್ಟೆ ಒಗೆಯುತ್ತಿದ್ದಳು. ಕೊನೆಗೆ ಜಾಲಿಸಿದ ನೀರನ್ನು ಚೆಲ್ಲದೆ ಮುಂದಿನ ಬಟ್ಟೆ ನೆನೆಸಲು ಇಟ್ಟುಕೊಳ್ಳುತ್ತಿದ್ದಳು. ಬಿಸಿಲಿದ್ದ ದಿನ ಒಣಗಿಸುವ ಯಂತ್ರದ ಗುಂಡಿ ಒತ್ತುತ್ತಿರಲಿಲ್ಲ.

"ನಮ್ಮಕ್ಕ ನೀರನ್ನೂ ಇಸ್ತ್ರಿ ಮಾಡಿ ಮಡಚಿಡ್ತಾಳೆ" ಎಂದು ತಮ್ಮ ತನ್ನ ಗಿರಾಕಿಗಳೆದುರು ನಗುತ್ತಿದ್ದ. ಅವನ ಯಂತ್ರಗಳನ್ನು ತಣ್ಣಗಾಗಿಸಿದ ನೀರು ಮಾತ್ರ ಹಗಲಿಡೀ ದಪ್ಪ ಪೈಪಿನಿಂದ ಚರಂಡಿಗೆ ಸುರಿಯುತ್ತಿತ್ತು.

"ಒಂದು ತೊಟ್ಟಿ ಕಟ್ಟಿಸೋ. ಅದೇ ನೀರನ್ನ ಆರಿಸಿ ಮತ್ತೆ ಯಂತ್ರಕ್ಕೆ ಬಿಡಬಹುದು" ಎಂದಳು ಒಮ್ಮೆ.

"ಸಂಪನ್ಮೂಲದಲ್ಲಿ ಎರಡು ಜಾತಿ ಅಕ್ಕ. ಕಲ್ಲಿದ್ದಲು, ಡೀಸೆಲ್ ಒಮ್ಮೆ ಮುಗಿದ್ರೆ ಮುಗೀತು. ಗಾಳಿ, ಬಿಸಿಲು, ನೀರು ತಾವೇ ಹುಟ್ಕೊಳ್ತವೆ. ಶಾಲೇಲಿ ಓದಿಲ್ವಾ?"

"ಓದಿದೀನಿ. ಹುಟ್ಟೋಕೆ ಹೊತ್ತು ಬೇಡ್ವೇನೋ? ಹಾಲು ಕೊಡೋ ಹಸು ಅಂತ ಹಗಲೂ ರಾತ್ರಿ ಕೆಚ್ಚಲು ಹಿಂಡಿದ್ರೆ ರಕ್ತ ಬರುತ್ತೆ."

ಅವನು ಉತ್ತರವಾಗಿ, ಇಬ್ಬರ ಕಡೆಗೂ ನೀರೆತ್ತುತ್ತಿದ್ದ ಪಂಪು ತೆಗೆಸಿ ಇನ್ನೂ ದೊಡ್ಡದನ್ನು ಬಾವಿಗೆ ಇಳಿಸಿದ. ಅವಳು ಮುಖ ಸಿಂಡರಿಸಿ ಒಳಗೆ ಹೋದಳು. ಮೂರ್ಖನ ಜೊತೆ ವಾದ ಮಾಡುವುದಕ್ಕಿಂತ ಬಟ್ಟೆ ಹಿಂಡುವುದು ಮೇಲು ಎಂದುಕೊಂಡಳು.

ಬೇಸಿಗೆ ಏರಿತು. ಬಾವಿಯ ಗೋಡೆಯಲ್ಲಿ ಎಂದೂ ಕಾಣದ ಕಲ್ಲುಗಳು ಹೊರಬಿದ್ದವು. ಒಂದು ಬೆಳಿಗ್ಗೆ ಪಂಪು ಗೊರಗೊರ ಸದ್ದು ಮಾಡಿ ಕೆಸರು ಕಾರಿತು. ಅವಳು ನೋಡುವಷ್ಟರಲ್ಲಿ ಲಾಂಡ್ರಿಯ ತೊಟ್ಟಿಯಲ್ಲಿದ್ದ ಬಿಳಿ ಹಾಸುಬಟ್ಟೆಗಳೆಲ್ಲ ಚಹಾದ ಬಣ್ಣಕ್ಕೆ ತಿರುಗಿದ್ದವು. ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಆಸ್ಪತ್ರೆಯ ಉಗ್ರಾಣದವಳು ಗಂಟು ಬಿಚ್ಚಿ ನೋಡಿ, "ಇದರ ಮೇಲೆ ರೋಗಿಗಳನ್ನ ಮಲಗಿಸ್ಲಾ?" ಎಂದು ಅರ್ಧ ಕೆಲಸವನ್ನು ಬೇರೆ ಲಾಂಡ್ರಿಗೆ ಕೊಟ್ಟುಬಿಟ್ಟಳು.

ಅಕ್ಕ ಆ ಕಲೆಬಿದ್ದ ಬಟ್ಟೆಯ ಗಂಟನ್ನು ಎಳೆದುಕೊಂಡೇ ಬಂದು ತಮ್ಮನ ಮೇಜಿನ ಮೇಲೆ ದೊಪ್ಪನೆ ಕೆಡವಿದಳು. ಅಲ್ಲಿ ಆಗಲೇ ಮೀನು ವ್ಯಾಪಾರಿಗಳು ಕಂದು ಬಣ್ಣದ ಐಸ್ ಗಡ್ಡೆ ಹಿಡಿದು ಕೂಗಾಡುತ್ತಿದ್ದರು. ಅವರು ಹೋದ ಮೇಲೆ ತಮ್ಮ ಬೆವರು ಒರೆಸಿಕೊಂಡ.

"ಆ ಮೂಲೇಲಿ ಬೋರ್ ಕೊರೆಸೋಣ ಅಕ್ಕ. ಜಾಗ ಇಬ್ಬರದೂ ಅಲ್ವಾ, ನೀನು ಹೂಂ ಅನ್ನು ಸಾಕು."

"ಮೂಲೆ ಬದಲಾದ್ರೆ ನೆಲದಡಿ ನೀರೂ ಬದಲಾಗುತ್ತಾ? ತಲೆ ಇದೆಯಾ, ಅದೂ ಐಸ್ ಆಗಿದೆಯಾ?"

ಅಂದದ್ದೇನೋ ಚೆನ್ನಾಗಿಯೇ ಇತ್ತು. ಆದರೆ ಬಾವಿಕಟ್ಟೆಯ ಬಳಿ ಬಂದು ಬಗ್ಗಿದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇಷ್ಟು ವರ್ಷ ಬೊಗಸೆ ಬೊಗಸೆ ಉಳಿಸಿದ ನೀರೆಲ್ಲ ಅವನ ಪೈಪಿನಿಂದ ಚರಂಡಿ ಸೇರಿತ್ತು. ತಾನು ಅವನನ್ನು ಹೀಗಳೆದು, ಜಾಣೆ ಎಂದು ಬೀಗಿ, ಬಾಗಿಲು ಹಾಕಿಕೊಂಡಿದ್ದಳು. ತಾತ್ಸಾರದಿಂದ ಒಂದು ಚೆಂಬು ನೀರೂ ಉಳಿದಿರಲಿಲ್ಲ.

ನೆಟ್ಟಗೆ ಹೋಗಿ ಪಂಪಿನ ಫ್ಯೂಸು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತಮ್ಮ ಕಿರುಚಿದ, ಗೋಗರೆದ, ಹೆಂಡತಿಯನ್ನು ಕಳಿಸಿದ. ಅವಳು ಜಗ್ಗಲಿಲ್ಲ. ಬಾವಿ ತೋಡುವವರನ್ನು ಕರೆಸಿ ಹೂಳೆತ್ತಿಸಿದಳು. ಒರತೆಗೆ ಬಿಡುವು ಸಿಕ್ಕಿತು. ನೀರು ಸೋಮಾರಿಯಂತೆ ಮೇಲೇರಿತು. ಪಂಪು ಬೆಳಗಿನ ಹೊತ್ತು ಮಾತ್ರ, ತೊಟ್ಟಿ ಕಟ್ಟಿಸದಿದ್ದರೆ ಅದೂ ಇಲ್ಲ ಎಂದಳು. ಬೇರೆ ದಾರಿಯಿಲ್ಲದೆ ತಮ್ಮ ಒಪ್ಪಿಕೊಂಡ.

ಆಸ್ಪತ್ರೆಯ ಆ ಅರ್ಧ ಕೆಲಸ ಮರಳಿ ಬರಲಿಲ್ಲ. ಇತ್ತ ತಮ್ಮನು ಹೊಸ ತೊಟ್ಟಿಯ ಪಕ್ಕ ನಿಂತು, "ನೀರಿನ ಬೆಲೆ ಗೊತ್ತಿರೋರು ಮಾತ್ರ ಇಂಥದ್ದು ಮಾಡ್ತಾರೆ, ನನ್ನದೇ ಯೋಚನೆ" ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದ ಅಕ್ಕನ ಕಿವಿಗೂ ಅದು ಬಿತ್ತು. ತಿದ್ದಲು ಹೋಗಲಿಲ್ಲ. ನೀರು ಉಳಿದರೆ ಸಾಕು, ಹೆಸರನ್ನು ಬೇಕಾದರೆ ಅವನೇ ನೆಕ್ಕಿಕೊಳ್ಳಲಿ ಎಂದು ಮುಂದಿನ ಬಟ್ಟೆ ಕೊಡವಿದಳು.