ಕಿರುನಾಲಿಗೆ

ಹುಡುಗನ ಹಲ್ಲು ಕಚ್ಚಿಕೊಂಡಿದ್ದರೂ ಅಮ್ಮಣ್ಣಿ ಬೆರಳನ್ನು ಇನ್ನೂ ಒಳಕ್ಕೆ ನೂಕಿದಳು.

“ತಲೆ ಗಟ್ಟಿ ಹಿಡ್ಕೊ ಜಲಜ. ಬಿಡ್ಬೇಡ.”

ಜಲಜ ಮಗನ ತಲೆಯನ್ನು ತೊಡೆಗಳ ನಡುವೆ ಇರುಕಿಕೊಂಡಳು. ದೇವು ಕಾಲು ಒದ್ದು ಒದ್ದು ಅಂಗಳದ ಮರಳು ಹಾರಿಸುತ್ತಿದ್ದ. ಉಪ್ಪು, ಮೆಣಸಿನಕಾಳಿನ ಪುಡಿ ಮೆತ್ತಿದ ಬೆರಳು ಗಂಟಲಿಗೆ ತಲುಪಿದಾಗ ಎಂದಿನ ಮೆತ್ತಗಿನ ಮಾಂಸ ಸಿಗಲಿಲ್ಲ. ಒದ್ದೆ ಚರ್ಮದಂಥದ್ದೇನೋ ಅಂಟಿಕೊಂಡಿತ್ತು. ಕಫ ಗಟ್ಟಿಯಾಗಿದೆ ಎಂದುಕೊಂಡು ಉಜ್ಜಿದಳು. ಬರಲಿಲ್ಲ. ಇನ್ನೂ ಉಜ್ಜಿದಳು. ಬಂತು, ರಕ್ತದ ಜೊತೆಗೆ, ಕೊಳೆತ ವಾಸನೆಯ ಜೊತೆಗೆ.

“ಕಿರುನಾಲಿಗೆ ಪೂರಾ ಬಿದ್ದಿತ್ತ್. ಎತ್ತಿದೆ. ನಾಳಿಗೆ ಗಂಜಿ ಉಂತ ಕಾಣ್.”

ಜಲಜಳ ಗಂಡ ಗುಡ್ಡ ಬಲೆ ಕಟ್ಟುವುದನ್ನು ಬಿಟ್ಟು ಎದ್ದು, ಅಮ್ಮಣ್ಣಿಯ ಕೈಗೆ ಒಂದಿಷ್ಟು ಬಂಗುಡೆ ಮೀನು ಹಾಕಿದ.

ಕಿರಿಮಂಜೇಶ್ವರದ ಕಡಲಕೇರಿಯಲ್ಲಿ ಮಗು ಕೆಮ್ಮಿದರೆ, ಅನ್ನ ನುಂಗದಿದ್ದರೆ, ಕಿರುನಾಲಿಗೆ ಬಿತ್ತು ಎಂದೇ ಅರ್ಥ. ಎತ್ತುವ ಕೈ ಅಮ್ಮಣ್ಣಿಯದು, ಅತ್ತೆಯಿಂದ ಬಂದದ್ದು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ಬಂದಾಗ ಮೊಮ್ಮಗಳು ವನಜ ಜಗಲಿಯಲ್ಲಿ ಕೂತು ಕೆಮ್ಮುತ್ತಿದ್ದಳು. ಬರೀ ಶೀತದ ಕೆಮ್ಮು.

“ಬಾಯಿ ತೆಗಿ ಮಗಾ. ನಿಂದೂ ಎತ್ತಿ ಬಿಡ್ತೆ.”

ದೇವು ಮರುದಿನ ಗಂಜಿ ಉಣ್ಣಲಿಲ್ಲ. ಕುತ್ತಿಗೆ ಊದಿ ಗಲ್ಲಕ್ಕೆ ಸೇರಿತು. ಉಸಿರೆಳೆದಾಗಲೆಲ್ಲ ಗರಗಸ ಎಳೆದ ಸದ್ದು. ಆ ಸದ್ದು ನಿಂತು, ಮಗುವನ್ನು ಮಣ್ಣಿಗಿಟ್ಟ ಮೇಲೆ, ಯಾರದೋ ದೃಷ್ಟಿ ಎಂದು ಕೇರಿ ಹೇಳಿಕೊಂಡಿತು.

ಆ ವಾರವೇ ವನಜಳ ಬಾಯಿಂದ ಅದೇ ವಾಸನೆ ಬಂತು. ಅವಳ ಅಪ್ಪ ಶೇಖರ ಬೊಂಬಾಯಿಯ ಹೋಟೆಲಿನಿಂದ ರಜೆಯಲ್ಲಿ ಬಂದಿದ್ದ. ತಾಯಿಯ ಮಾತು ಕೇಳದೆ ಮಗಳನ್ನು ಹೆಗಲಿಗೇರಿಸಿ ಕುಂದಾಪುರದ ಬಸ್ಸು ಹತ್ತಿದ. ಅಮ್ಮಣ್ಣಿ ಹಿಂದೆಯೇ ಹೋದಳು.

ಡಾಕ್ಟರು ಟಾರ್ಚು ಹಾಕಿ ನೋಡಿದರು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಗಂಟಲಿಗೆ ತಾಗಿಸಿ, ಗಾಜಿಗೆ ಒರೆಸಿ, ಸೂಕ್ಷ್ಮದರ್ಶಕದ ಮೇಲೆ ಬಾಗಿ ಬಹಳ ಹೊತ್ತು ಕೂತರು.

“ಗಂಟಲುಮಾರಿ. ಈ ಬಿಳಿ ಪೊರೆ ಕೀಟಾಣುವಿನ ಕೆಲಸ. ಉಜ್ಜಿದರೆ ರಕ್ತ ಬರುತ್ತದೆ, ರೋಗ ಹೋಗುವುದಿಲ್ಲ. ಅದರ ವಿಷ ಹೃದಯಕ್ಕೆ ಇಳಿಯುತ್ತದೆ. ವಿಷ ಮುರಿಯುವ ಇಂಜೆಕ್ಷನ್ನು ಕೊಡುತ್ತೇನೆ, ಪೆನಿಸಿಲಿನ್ನೂ ಕೊಡುತ್ತೇನೆ. ಆದರೆ ತಡವಾಗಿದೆ. ಗಂಟಲಿಗೆ ಯಾರಾದರೂ ಕೈ ಹಾಕಿದ್ದರಾ?”

ಅಮ್ಮಣ್ಣಿ ಬೆರಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

“ರೋಗ ಇದ್ದ ಮಗುವಿನ ಬಾಯಿಗೆ ಹೋದ ಬೆರಳು ಇನ್ನೊಂದು ಬಾಯಿಗೆ ಹೋದರೆ ಸಾಕು,” ಎಂದರು ಡಾಕ್ಟರು, ಸೂಜಿ ಏರಿಸುತ್ತ. ಶೇಖರ ತಾಯಿಯ ಕಡೆ ತಿರುಗಿದ. ಆಮೇಲೆ ಅವನು ಅವಳ ಜೊತೆ ಮಾತಾಡಲಿಲ್ಲ.

ಪೊರೆ ಕಳಚಿತು. ವನಜ ಗಂಜಿ ಕೇಳಿದಳು. ಹೃದಯ ಸೋತಿದೆ, ಏಳಿಸಬೇಡಿ ಎಂದಿದ್ದರು ಡಾಕ್ಟರು. ಒಂದು ಬೆಳಿಗ್ಗೆ ಅವಳೇ ಎದ್ದು ಕೂತಳು, ಕಿಟಕಿಯಾಚೆ ಬಸ್ಸು ನೋಡಲು. ಹಾಗೆಯೇ ದಿಂಬಿಗೆ ಒರಗಿದಳು. ಅಷ್ಟೆ.

ಶೇಖರ ಬೊಂಬಾಯಿಗೆ ಹೋದ. ಕೇರಿಯಲ್ಲಿ ಒಂದೇ ಮಾತು: ಗುಣ ಆದ ಹೆಣ್ಣನ್ನು ಸೂಜಿ ಚುಚ್ಚಿ ಕೊಂದರು.

ತುಸು ದಿನ ಕಳೆದು ಜಲಜ, ಗುಡ್ಡ ಇಬ್ಬರೂ ಅಮ್ಮಣ್ಣಿಯ ಅಂಗಳಕ್ಕೆ ಬಂದರು. ಜಲಜಳ ಸೊಂಟದಲ್ಲಿ ಕಿರಿಯವಳು ಪದ್ದು. ಬಾಯಿ ತೆರೆಯುವ ಮೊದಲೇ ಅಮ್ಮಣ್ಣಿಗೆ ವಾಸನೆ ತಿಳಿಯಿತು.

“ಕುಂದಾಪ್ರಕ್ಕೆ ಈಗ್ಳೇ ಹೋಯ್ನಿ. ಬಸ್ಸ್ ಬಪ್ಪ ಹೊತ್ತಾಯ್ತ್,” ಎಂದಳು.

“ವನಜನ್ನ ಕರ್ಕಂಡ್ ಹೋಯಿ ಎಂತ ತಂದ್ಯೆ?” ಎಂದಳು ಜಲಜ. “ಚಾಪೆಯಲ್ಲಿ ಸುತ್ಕಂಡ್ ತಂದ್ಯೆ.”

“ಇವತ್ತೇ ಹೋದ್ರೆ ಬದ್ಕತ್ತ್. ವನಜಂಗೆ ನಾವ್ ತಡ ಮಾಡಿದ್ದ್.”

ಗುಡ್ಡ ನಕ್ಕ. “ಹ್ವಾಯ್ ಅಕ್ಕ, ಮಗ ಬೊಂಬಾಯಿ ಸೇರಿದ್ ಮೇಲೆ ನಮ್ ಮಕ್ಕಳ ಎಂಜಲ್ ಹೇಸಿಗಿ ಆಯ್ತಾ ನಿಂಗೆ?”

ರೋಗ ಹೊತ್ತು ತಂದದ್ದು ತನ್ನ ಬೆರಳೇ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ವನಜ ಹೇಗೆ ಸತ್ತಳು ಎಂಬುದು ಈ ಅಂಗಳದಲ್ಲಿ ನಿಲ್ಲುತ್ತಿತ್ತು. ಇದುವರೆಗೆ ಅವಳು ಮುಟ್ಟಿದ ಮಕ್ಕಳ ಅಮ್ಮಂದಿರೆಲ್ಲ ಎದ್ದು ಬರುತ್ತಿದ್ದರು. ಮೇಲಿನ ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿತು.

ಜಲಜ ಮಗುವನ್ನು ಅಮ್ಮಣ್ಣಿಯ ಮಡಿಲಲ್ಲಿ ಮಲಗಿಸಿ, ಎರಡೂ ಕೈಯಿಂದ ದವಡೆ ಅಗಲಿಸಿದಳು. ಒಳಗೆ ಬೆಳ್ಳಗಿತ್ತು. “ಒಂದೇ ಸಲ ಅಕ್ಕ. ನಿನ್ ಕೈ ಬಿದ್ರೆ ಸಾಕ್.”

ಅಮ್ಮಣ್ಣಿ ಮಗುವನ್ನು ಎತ್ತಿ ತಿರುಗಿ ಜಲಜಳ ತೋಳಿಗೇ ಹಾಕಿದಳು.

“ನಾ ಮುಟ್ತಿಲ್ಲೆ.”