ಕಿವಿಯ ಪಾಲು

ಬಿದ್ದವನನ್ನು ನೋಡಿ ಯಾರೂ ನಗಲಿಲ್ಲ. ಕೈಸಾರನ ಭಯ ಗಟ್ಟಿಯಾದದ್ದು ಆಗ.

ಅವನ ಮೂತಿ ಹಿಮದಲ್ಲಿ ಹೂತಿತ್ತು. ಒಂದು ಸ್ಕೀ ಕಾಲಲ್ಲಿ, ಇನ್ನೊಂದು ಇಪ್ಪತ್ತು ಗಜ ಕೆಳಗೆ. ಪ್ರತಿ ಚಳಿಗಾಲ ಅವನು ಹೀಗೆ ಬೀಳುವುದು, ಮರ್ಗುಲಾನ್ ಹೊಟ್ಟೆ ಹಿಡಿದುಕೊಂಡು ನಗುವುದು, ಶೋಲ್ಪಾನ್ ಫೋಟೋ ತೆಗೆಯುವುದು. ಅಲ್ಮಾಟಿಯ ಮೇಲಿನ ಈ ಬೆಟ್ಟಕ್ಕೆ ಮೂವರು ಹಳೆಯ ಸಹಪಾಠಿಗಳು ಬರುತ್ತಿದ್ದದ್ದೇ ಅದಕ್ಕೆ. ಇವತ್ತು ಮರ್ಗುಲಾನ್, ನೂರ ಹತ್ತು ಕಿಲೋ ತೂಕದ ದಂತವೈದ್ಯ, ತಾನೇ ಕೆಳಗಿಳಿದು ಹೋಗಿ ಸ್ಕೀ ತಂದುಕೊಟ್ಟ. ಶೋಲ್ಪಾನ್ ಅವನ ಕಾಲರಿನ ಹಿಮ ಕೊಡವಿದಳು. ಅವಳು ವಕೀಲೆ. ಇಬ್ಬರು ಗಂಡಂದಿರನ್ನು ಬಿಟ್ಟವಳು. ಅವರ ಕಾಲರನ್ನಾದರೂ ಕೊಡವಿದ್ದಳೋ ಇಲ್ಲವೋ.

"ಪೆಟ್ಟಾಯ್ತಾ?" ಎಂದಳು.

"ಇಲ್ಲ. ಯಾಕೆ, ನಂಗೇನಾದ್ರೂ ಕಾಯಿಲೆಯಾ?"

"ಏನೇನೋ ಕೇಳ್ಬೇಡ ಮಾರಾಯ," ಎಂದು ಮರ್ಗುಲಾನ್ ಬೆಟ್ಟದ ಕಡೆ ತಿರುಗಿಕೊಂಡ.

ಬೆಳಿಗ್ಗೆ ಟಿಕೆಟ್ಟಿನ ಸಾಲಿನಲ್ಲಿ ಮರ್ಗುಲಾನನಿಗೆ ಫೋನು ಬಂದಿತ್ತು. ಪರದೆಯ ಮೇಲೆ ಕಂಡದ್ದು ಕೈಸಾರನ ಅಣ್ಣನ ಹೆಸರು. ನನಗೆ ಮಾಡದೆ ಇವನಿಗ್ಯಾಕೆ ಮಾಡಿದ ಎಂದು ಕೇಳಲು ಬಾಯಿ ತೆರೆದ ಕೈಸಾರ್, ಉತ್ತರ ಹೊಳೆದು ಬಾಯಿ ಮುಚ್ಚಿದ್ದ. ಅಪ್ಪ ಸತ್ತ ಸುದ್ದಿಯನ್ನು ಮಗನಿಗೆ ನೇರವಾಗಿ ಹೇಳುವ ಪದ್ಧತಿ ಅವರಲ್ಲಿಲ್ಲ. ಆಪ್ತರು ಹತ್ತಿರ ಕೂತು, ಹಕ್ಕಿಯ ಮಾತು ನೀರಿನ ಮಾತು ಆಡುತ್ತ, ಸುತ್ತಿ ಬಳಸಿ ಕಿವಿಗೆ ಹಾಕಬೇಕು. ಇದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನ ಡಾಕ್ಟರೇಟು ಅದರ ಮೇಲೆಯೇ. ಅಂಥ ಎಪ್ಪತ್ತೆರಡು ಮಾತುಗಳನ್ನು ಹಳ್ಳಿಹಳ್ಳಿ ಅಲೆದು ಸಂಗ್ರಹಿಸಿ, ಹಕ್ಕಿ, ನೀರು, ಬೆಟ್ಟ ಎಂದು ಮೂರು ವರ್ಗ ಮಾಡಿದ್ದ. ಕೊನೆಯ ಅಧ್ಯಾಯದಲ್ಲಿ ಬರೆದಿದ್ದ: ಕೇಳುವವನು 'ಯಾರು?' ಎನ್ನುವ ತನಕ ಯಾರೂ ಸತ್ತಿರುವುದಿಲ್ಲ. ಪರೀಕ್ಷಕರು ಆ ವಾಕ್ಯವನ್ನು ಬಹಳ ಮೆಚ್ಚಿದ್ದರು.

ಸರಿ, ಕೇಳದಿದ್ದರಾಯಿತು.

ಬೆಟ್ಟ ಹತ್ತಿಸುವ ತೂಗುಕುರ್ಚಿಯ ಲಿಫ್ಟಿನಲ್ಲಿ ಅವನನ್ನು ನಡುವೆ ಕೂರಿಸಿದರು. ಮರ್ಗುಲಾನ್ ಕೆಮ್ಮಿ, ಎದುರಿನ ಹಿಮನದಿಯನ್ನು ತೋರಿಸಿ, ಎಷ್ಟೇ ದೊಡ್ಡದಾದರೂ ಒಂದು ದಿನ ಕರಗಲೇಬೇಕಲ್ಲ ಎಂದ. ನೀರಿನ ವರ್ಗ, ಎಂದುಕೊಂಡ ಕೈಸಾರ್. ಇವನು ನನ್ನ ಪುಸ್ತಕ ಓದಿದ್ದಾನೆ. ಹದಿನೈದು ವರ್ಷಗಳಲ್ಲಿ ಮೊದಲನೆಯ ಓದುಗ.

"ಹವಾಮಾನ ಬದಲಾವಣೆ," ಎಂದ.

ಮರ್ಗುಲಾನ್ ಸೋತು ಶೋಲ್ಪಾನಳನ್ನು ನೋಡಿದ. ಅವಳು ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು.

"ನಿನ್ನ ಕೈಮೇಲೊಂದು ಗಿಡುಗ ಇತ್ತು ಅನ್ಕೋ. ಹಗ್ಗ ಬಿಚ್ಕೊಂಡು ಹಾರ್ಹೋಯ್ತು. ಏನ್ಮಾಡ್ತೀಯ?"

"ಗಿಡುಗ ಸಾಕೋಕೆ ಲೈಸೆನ್ಸ್ ಬೇಕು ಕಣೆ. ವಕೀಲೆ ನೀನು, ಗೊತ್ತಿಲ್ವಾ?"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಗಾಳಿ, ಎಂದಳು.

ಅಪ್ಪನಿಗೆ ಎಂಬತ್ತಮೂರು. ಮುನ್ನೂರು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಕುದುರೆಗಳ ವೈದ್ಯನಾಗಿದ್ದವನು. ಅವನ ಪಾಲಿಗೆ ಬೆಟ್ಟವೆಂದರೆ ಕುರಿ ತಪ್ಪಿಸಿಕೊಂಡಾಗ ಹತ್ತುವ ಜಾಗ. ಇಳಿಯುವುದಕ್ಕೇ ಹತ್ತುವುದಾದರೆ ಹತ್ತುವುದು ಯಾತಕ್ಕೆ ಎಂದು ಪ್ರತಿ ವರ್ಷ ಕೇಳುತ್ತಿದ್ದ. ಹೋದ ತಿಂಗಳು ಫೋನಿನಲ್ಲಿ ಅದನ್ನು ಕೇಳಲಿಲ್ಲ. ಒಮ್ಮೆ ಬಂದು ಹೋಗು ಎಂದ, ಅಷ್ಟೆ. ಹಿಮ ಕರಗಲಿ, ರಸ್ತೆ ಸರಿಯಿಲ್ಲ ಎಂದಿದ್ದ ಕೈಸಾರ್. ರಸ್ತೆ ಸರಿಯಾಗಿಯೇ ಇತ್ತು. ಇದ್ದ ರಜೆಯನ್ನು ಈ ದಿನಕ್ಕೆ ಉಳಿಸಿಕೊಂಡಿದ್ದ. ನೆನೆದಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಆದ್ದರಿಂದ ಮತ್ತೆ ಜಾರಿದ. ಏಳು ಸಲ ಹತ್ತಿದ, ಏಳು ಸಲ ಇಳಿದ. ಪ್ರತಿ ಸಲ ಹತ್ತುವಾಗ ಇಬ್ಬರಲ್ಲೊಬ್ಬರು ಗಂಟಲು ಸರಿಮಾಡಿಕೊಳ್ಳುವರು; ಅವನು ಕಾಲೇಜಿನ ಜಗಳವನ್ನೋ ನೆರೆಮನೆಯ ನಾಯಿಯನ್ನೋ ತಂದು ಅಡ್ಡ ಹಾಕುವನು. ಐದನೆಯ ಸಲ ಸರಕು ಮುಗಿದು, ದವಡೆಹಲ್ಲು ನೋಯುತ್ತಿದೆ ನೋಡು ಎಂದು ಬಾಯಿ ಅಗಲಿಸಿದ. ಬದುಕಿದೆಯಾ ಬಡಜೀವವೇ ಎಂದು ಮರ್ಗುಲಾನ್ ಮೇಲಿನ ನಿಲ್ದಾಣ ಬರುವವರೆಗೂ ಅದನ್ನೇ ನೋಡಿದ. ಹಲ್ಲು ಗಟ್ಟಿಯಾಗಿತ್ತು. ಬೆಳಗಿನ ಆ ಒಂದು ಸಲ ಬಿಟ್ಟರೆ ಕೈಸಾರ್ ಮತ್ತೆ ಬೀಳಲಿಲ್ಲ. ಜನ್ಮದಲ್ಲಿ ಇಷ್ಟು ಚೆನ್ನಾಗಿ ಜಾರಿರಲಿಲ್ಲ. ನಾಚಿಕೆಯಾಗುವಷ್ಟು ಸುಖವಾಗಿತ್ತು.

ಎರಡು ಗಂಟೆಗೆ ಮಧ್ಯದ ನಿಲ್ದಾಣದ ಕ್ಯಾಂಟೀನಿನಲ್ಲಿ ಕೂತರು. ಮರ್ಗುಲಾನನ ಹೆಂಡತಿ ಪ್ರತಿ ವರ್ಷದಂತೆ ಬೇಯಿಸಿದ ಕುರಿತಲೆ ಕಟ್ಟಿಕೊಟ್ಟಿದ್ದಳು. ಅಪ್ಪ ಬದುಕಿರುವವನು ತಲೆಗೆ ಚಾಕು ಹಾಕುವಂತಿಲ್ಲ. ಮರ್ಗುಲಾನನ ಅಪ್ಪ ಅವನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗಲೇ ಹೋಗಿದ್ದರಿಂದ ತಲೆ ಯಾವಾಗಲೂ ಅವನದೇ. ಹೆಣ್ಣುಮಕ್ಕಳಿಗೆ ಕೊಡಬಾರದ ನಾಲಗೆಯನ್ನು ವಕೀಲೆ ತಿನ್ನುವಳು. ಅವಳನ್ನು ತಡೆಯಲು ಯಾವ ಪದ್ಧತಿಗೂ ಧೈರ್ಯವಿಲ್ಲ. ಕಿವಿ ಕೊಯ್ದು ಕೊಡುವುದು ಮಕ್ಕಳಿಗೆ. ಮಕ್ಕಳಿಲ್ಲದ ಮೇಜಿನಲ್ಲಿ ಅದು ಕೈಸಾರನಿಗೆ. 'ತಗೋ ಮರಿ, ಅಪ್ಪನ ಮಾತು ಕೇಳು' ಎಂದು ಮರ್ಗುಲಾನ್ ಪ್ರತಿ ವರ್ಷ ಅದೇ ಹಳಸಲು ತಮಾಷೆ ಮಾಡುವನು. ನಲವತ್ತಾರು ವರ್ಷದ ಮರಿ ಕರಕರ ಜಗಿಯುವುದು.

ಮರ್ಗುಲಾನ್ ಡಬ್ಬಿ ತೆರೆದು ತಲೆಯನ್ನು ತಟ್ಟೆಯಲ್ಲಿಟ್ಟ. ಚಾಕು ಒರೆಸಿದ. ಮತ್ತೊಮ್ಮೆ ಒರೆಸಿದ. ಕೊನೆಗೆ ತಟ್ಟೆಯನ್ನು ಮೆಲ್ಲಗೆ ತಿರುಗಿಸಿ, ಕುರಿಯ ಮೂತಿ ಕೈಸಾರನಿಗೆ ಎದುರಾಗುವಂತೆ ತಳ್ಳಿದ. ಚಾಕುವಿನ ಹಿಡಿಯನ್ನೂ ಅವನ ಕಡೆಗೆ ಮಾಡಿದ.

ಇದು ಎಪ್ಪತ್ತಮೂರನೆಯದು. ಪುಸ್ತಕದಲ್ಲಿ ಇರಲಿಲ್ಲ.

"ನಿಂದು ಕಣೋ," ಎಂದ ಮರ್ಗುಲಾನ್.

"ಇಲ್ಲ. ತಲೆ ನಿಂದು."

"ಕೈಸಾರ್, ಹೊರಡ್ಬೇಕು," ಎಂದಳು ಶೋಲ್ಪಾನ್. "ಊರಲ್ಲಿ ಕಾಯ್ತಿದಾರೆ."

ಯಾರು ಎಂದು ಕೇಳಬೇಕಿತ್ತು. ಎಷ್ಟು ಸಾಧಾರಣ ಪ್ರಶ್ನೆ, ದಾರಿಹೋಕನೂ ಕೇಳುವಂಥದ್ದು. ಅವನ ನಾಲಗೆಯ ತುದಿಗೆ ಬಂದಿತ್ತು.

ಅವನು ಚಾಕು ತೆಗೆದುಕೊಂಡು ಕುರಿಯ ಬಲಗಿವಿಯನ್ನು ಬುಡಕ್ಕೆ ಕೊಯ್ದ. ಅದನ್ನು ಯಾರಿಗೆ ಕೊಡುತ್ತಾನೆಂದು ಇಬ್ಬರೂ ಉಸಿರು ಹಿಡಿದು ನೋಡಿದರು. ಅವನು ತನ್ನ ಬಾಯಿಗೇ ಹಾಕಿಕೊಂಡ. ಜಗಿದ. ಶೋಲ್ಪಾನಳ ತುಟಿ ಅಲ್ಲಾಡುತ್ತಿತ್ತು, ಮರ್ಗುಲಾನನ ತುಟಿಯೂ ಅಲ್ಲಾಡತೊಡಗಿತು. ಕರಕರ ಸದ್ದಿನಲ್ಲಿ ಅವನಿಗೆ ಒಂದೂ ಕೇಳಿಸಲಿಲ್ಲ. ಒಂಟಿಕಿವಿಯ ಕುರಿ ಅವನನ್ನೇ ನೋಡುತ್ತಿತ್ತು. ಬಾಯಲ್ಲಿದ್ದದ್ದು ಮುಗಿಯುತ್ತ ಬಂದಂತೆ ಅವನ ಎಡಗೈ ಅದರ ಇನ್ನೊಂದು ಕಿವಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.