ಇಪ್ಪತ್ತೆರಡು ಮೀಟರ್ ದಾರ

ಅಳಿಯ ವಿತೋಲ್ದ್ ಆ ಗಾಳದ ಕೋಲನ್ನು ಕೊಂಡದ್ದು ಚಳಿಗಾಲದಲ್ಲಿ. ತೀರಾ ಅಗ್ಗದ್ದಲ್ಲ, ದೊಡ್ಡವರು ಹಿಡಿಯುವಂಥದ್ದೂ ಅಲ್ಲ, ನಡುವಿನ ಬೆಲೆಯದು. ಹಿಮ ಬಿದ್ದ ಹುಲ್ಲುಗಾವಲಿನಲ್ಲಿ ನಿಂತು, ಕೊಕ್ಕೆಯ ಜಾಗಕ್ಕೆ ಉಣ್ಣೆಯ ಚೂರು ಕಟ್ಟಿಕೊಂಡು, ಒಬ್ಬನೇ ಬೀಸಿ ಬೀಸಿ ಕಲಿತ. ಜೂನ್ ತಿಂಗಳಲ್ಲಿ ನನ್ನ ಹತ್ತಿರ ತಂದು, "ಮಾವ, ಹೊಳೇಲಿ ಒಂದ್ಸಲ ಬೀಸಿ ನೋಡಿ ಹೇಳಿ" ಅಂದ.

ಸಾನ್ ಹೊಳೆಯಲ್ಲಿ ನಾನು ಐವತ್ತು ವರ್ಷ ಮೀನು ಹಿಡಿಯುವವರಿಗೆ ದಾರಿ ತೋರಿಸಿದವನು. ಕೋಲಿನ ವಿಷಯದಲ್ಲಿ ನನ್ನ ಮಾತನ್ನು ಲೆಸ್ಕೊ ಪೇಟೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ಆ ಜಂಬ ನನಗಿತ್ತು.

ಬೆಳಗ್ಗೆ ಮಂಡಿಯುದ್ದ ನೀರು ದಾಟಿ ಹೊಳೆಯ ನಡುವಿನ ಜಲ್ಲಿದಿಬ್ಬಕ್ಕೆ ಹೋದೆವು. ಈ ಗಾಳದಲ್ಲಿ ತೂಕ ಇರುವುದು ದಾರಕ್ಕೆ. ತುದಿಯಲ್ಲಿ ಕಟ್ಟಿದ ಗರಿಯ ನೊಣಕ್ಕೆ ತೂಕವೇ ಇಲ್ಲ. ಕೋಲು ಬಾಗಿ ದಾರವನ್ನು ಒಯ್ಯಬೇಕು, ದಾರ ನೊಣವನ್ನು ನೀರಿನ ಮೇಲೆ ಮಲಗಿಸಬೇಕು. ಹತ್ತು ಮೀಟರಿಗೆ ಆ ಕೋಲು ಬೆಣ್ಣೆಯ ಹಾಗೆ ಬೀಸಿತು. ಹದಿನೈದಕ್ಕೂ ತಕರಾರಿಲ್ಲ. ಆಮೇಲೆ ಜೋರು ಮಾಡಿದರೆ ತುದಿ ತಲೆ ಬಗ್ಗಿಸಿ, ದಾರವನ್ನೆಲ್ಲ ಮುಂದೆ ಗುಡ್ಡೆ ಹಾಕುತ್ತಿತ್ತು.

"ನೋಡಿದ್ಯಾ? ಇಪ್ಪತ್ತಕ್ಕೆ ಸತ್ತೇ ಹೋಗುತ್ತೆ. ಅಂಗಡಿಯೋನು ನಿನಗೆ ಪೊರಕೆ ಮಾರಿದಾನೆ."

"ಪೊರಕೆ ಆದ್ರೆ ಯಾಗೋದಾಗೆ ಕೊಡ್ತೀನಿ ಬಿಡಿ, ಮನೆ ಗುಡಿಸ್ಲಿ" ಅಂತ ಅವನು ನಕ್ಕ. ಯಾಗೋದಾ ನನ್ನ ಮಗಳು.

ಆಗಲೇ ತಿಳಿನೀರಿನಲ್ಲಿ ಒಣ ಕಡ್ಡಿಗಳು ತೇಲಿ ಬಂದವು. ಹಿಂದೆಯೇ ಒಂದಿಷ್ಟು ನೊರೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಅನ್ನುವುದಕ್ಕೆ ಅದೇ ಗುರುತು. ಕಂಡ ಕೂಡಲೇ ದಡಕ್ಕೆ ನಡೆಯಬೇಕು. ನಾನು ಕಂಡೆ. ಕಂಡೂ ಸುಮ್ಮನಿದ್ದೆ. ಇನ್ನೊಂದು ಸಲ ಬೀಸಿ ಆ ಕೋಲಿನ ದೋಷವನ್ನು ಚೆನ್ನಾಗಿ ತೋರಿಸಿಬಿಡೋಣ ಅನ್ನಿಸಿತು. ಒಂದು ಸಲ ಹೋಗಿ ಏಳೆಂಟು ಸಲವಾಯಿತು.

ತಿರುಗಿ ನೋಡಿದಾಗ ನಾವು ದಾಟಿ ಬಂದ ಜಾಗ ಕಪ್ಪಗೆ ಸುಳಿ ತಿರುಗುತ್ತಿತ್ತು. ಎರಡು ಹೆಜ್ಜೆ ಇಟ್ಟೆ. ನೀರು ಸೊಂಟಕ್ಕೆ ಬಂದು ಕಾಲಡಿಯ ಜಲ್ಲಿ ಜಾರಿತು. ವಿತೋಲ್ದ್ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದುಕೊಂಡ. ಅವನಿಗೆ ಈಜು ಬರುವುದಿಲ್ಲ. ನನಗೆ ಬರುತ್ತದೆ, ಆದರೆ ಆ ನೀರು ಅಣೆಕಟ್ಟಿನ ತಳದ್ದು. ಜೂನಿನಲ್ಲೂ ಮೂಳೆ ಕೊರೆಯುತ್ತದೆ.

"ನೀರು ಬರೋದು ನಿಮಗೆ ಗೊತ್ತಾಗ್ಲಿಲ್ವಾ ಮಾವ?"

"ಗೊತ್ತಾಯ್ತು."

"ಯಾವಾಗ?"

"ಆಗಲೇ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ದಡದ ಕಡೆ ತಿರುಗಿ ಕೂಗಿದ.

ದಡದಲ್ಲಿ ನಮ್ಮೂರಿನ ಝೆನೆಕ್ ಕುದುರೆ ಕಟ್ಟಿ ಕಾಡಿನ ದಿಮ್ಮಿ ಎಳೆಸುತ್ತಿದ್ದ. ನಾವು ಕೂಗಿದ್ದು ಕೇಳಿ ಓಡಿ ಬಂದ. ಫೋನ್ ಮಾಡಿದ. "ಬೆಂಕಿ ಆರಿಸೋರು ಬರ್ತಾರಂತೆ! ಮುಕ್ಕಾಲು ಗಂಟೆ ಆಗುತ್ತಂತೆ!"

"ಅಷ್ಟೊತ್ತಿಗೆ ನಾವು ಹುಡುಕಿದ್ರೂ ಸಿಗಲ್ಲ!" ಅಂದೆ. ಆಗಲೇ ದಿಬ್ಬದ ಮೇಲೆ ಮಂಡಿಯುದ್ದ ನೀರು.

ದಿಮ್ಮಿಗೆ ಬಿಗಿಯುವ ಹಗ್ಗ ಅವನ ಹತ್ತಿರ ಇತ್ತು, ಉದ್ದವೂ ಸಾಕಷ್ಟಿತ್ತು. ಮೂರು ಸಲ ಎಸೆದ. ಮೂರು ಸಲವೂ ಅರ್ಧ ದಾರಿಯಲ್ಲೇ ಬಿದ್ದು ಸೆಳೆತಕ್ಕೆ ಸಿಕ್ಕಿತು, ಅವನು ವಾಪಸ್ ಎಳೆದುಕೊಂಡ. ಅವನು ನಿಂತಲ್ಲಿಗೆ ಇಪ್ಪತ್ತೆರಡು ಮೀಟರ್ ಇರಬಹುದು, ನನ್ನ ಕಣ್ಣಳತೆ ತಪ್ಪುವುದಿಲ್ಲ. ನಮ್ಮ ದಾರ ಅವನ ಕೈ ಸೇರಿದರೆ ಅದಕ್ಕೆ ಹಗ್ಗ ಕಟ್ಟಬಹುದು. ನಾವು ಇತ್ತ ಎಳೆದುಕೊಳ್ಳಬಹುದು. ಬೇರೆ ದಾರಿ ಇರಲಿಲ್ಲ.

ನೊಣವನ್ನೂ ಹಗ್ಗದ ಭಾರ ತಾಳದ ತುದಿಯ ಸಣ್ಣ ಎಳೆಯನ್ನೂ ಹಲ್ಲಿನಿಂದ ಕಡಿದು ಹಾಕಿ ಬೀಸಿದೆ. ದಾರ ಹದಿನೈದು ಮೀಟರಿನಲ್ಲಿ ಗುಡ್ಡೆಯಾಯಿತು. ಇನ್ನೂ ಜೋರಾಗಿ ಬೀಸಿದೆ. ಮತ್ತೂ ಹತ್ತಿರ ಬಿತ್ತು. ಮೂರನೆಯ ಸಲ ನನ್ನ ಟೋಪಿಗೇ ಸುತ್ತಿಕೊಂಡಿತು. ನೀರು ತೊಡೆಗೆ ಬಂದಿತ್ತು.

"ಕೊಡಿ ಇಲ್ಲಿ" ಅಂದ ವಿತೋಲ್ದ್.

"ನನ್ನ ಕೈಲಾಗದ್ದು ನಿನ್ನ ಕೈಲಿ—"

"ನೀವು ಅದನ್ನ ಕತ್ತೆಗೆ ಹೊಡೆದಂಗೆ ಹೊಡೀತಿದ್ದೀರಿ. ಹೊಡೆದ್ರೆ ಅದು ಮುದುರುತ್ತೆ. ಸುಮ್ನೆ ದಾರ ಹಿಡ್ಕೊಳ್ಳಿ, ನೀರಿಗೆ ಬಿಡಬೇಡಿ."

ಸಡಿಲ ದಾರವನ್ನು ಸುರುಳಿ ಮಾಡಿ ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದೆ. ಅವನು ಹಿಂದಕ್ಕೆ ಬೀಸಿದ. ನಾನಾಗಿದ್ದರೆ ಆಗಲೇ ಮುಂದಕ್ಕೆ ತರುತ್ತಿದ್ದೆ, "ಈಗ!" ಅನ್ನುವ ಮಾತು ಬಾಯಿಗೆ ಬಂತು. ಅವನು ಕಾದ. ಸೊಂಟಕ್ಕೆ ನೀರು ತಳ್ಳುತ್ತಿರುವಾಗ ಮನುಷ್ಯ ಹಾಗೆ ಕಾಯುವುದನ್ನು ನಾನು ನೋಡಿರಲಿಲ್ಲ. ಬೆನ್ನ ಹಿಂದೆ ದಾರ ಪೂರ್ತಿ ಬಿಚ್ಚಿಕೊಂಡು, ಅದರ ಭಾರಕ್ಕೆ ಕೋಲು ಹಿಡಿಕೆಯ ತನಕ ಬಾಗಿತು. ಆಗ ಮೆಲ್ಲಗೆ ಶುರು ಮಾಡಿ, ಕೊನೆಯಲ್ಲಿ ಮಾತ್ರ ಗಕ್ಕನೆ ನಿಲ್ಲಿಸಿದ. ನನ್ನ ಕೈಯಿಂದ ಸುರುಳಿಗಳು ಒಂದೊಂದಾಗಿ ಹಾರಿಹೋದವು.

ಒಂದು ಮಾರು ಕಡಿಮೆ ಬಿತ್ತು.

ಅವನು ಬೈಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ದಾರ ಎಳೆದುಕೊಂಡು, ಮತ್ತೆ ನನ್ನ ಕೈಗೆ ಸುರುಳಿ ಕೊಟ್ಟು, ಮೊದಲಿಗಿಂತಲೂ ನಿಧಾನವಾಗಿ ಬೀಸಿದ. ದಾರ ಝೆನೆಕನ ಭುಜದ ಮೇಲೆ ಬಿತ್ತು.

"ಸಿಕ್ತು! ಅಲುಗಾಡ್ಬೇಡಿ ಕಣ್ರೋ, ಸಿಕ್ತು!"

ಹಗ್ಗ ಬಂತು. ಇಬ್ಬರೂ ಒಟ್ಟಿಗೇ ಸೊಂಟಕ್ಕೆ ಬಿಗಿದುಕೊಂಡೆವು. ಝೆನೆಕ್ ಇನ್ನೊಂದು ತುದಿಯನ್ನು ಕುದುರೆಗೆ ಕಟ್ಟಿ ಹೊಡೆದ. ನೀರು ತಲೆಯ ಮೇಲೆ ಹೋಯಿತು. ಕಿವಿಯಲ್ಲಿ ಬರೀ ಸದ್ದು. ವಿತೋಲ್ದನ ಒಂದು ಕೈ ನನ್ನ ಕೊರಳಪಟ್ಟಿಯಲ್ಲಿತ್ತು, ಇನ್ನೊಂದರಲ್ಲಿ ಕೋಲು. ದಡ ಸಿಕ್ಕ ಮೇಲೂ ಕುದುರೆ ನಿಲ್ಲದೆ ನಮ್ಮನ್ನು ತುರಿಕೆ ಗಿಡಗಳ ನಡುವೆ ಹತ್ತು ಮಾರು ಎಳೆಯಿತು.

ಝೆನೆಕ್ ತನ್ನ ಕೋಟನ್ನು ನನಗೆ ಹೊದಿಸಿ, "ಲುದ್ವಿಕಣ್ಣ, ಈ ಹೊಳೇಲಿ ನೀವೂ ಸಿಕ್ಕಿಹಾಕ್ಕೊಂಡ್ರಾ!" ಅಂದ. ಚಳಿಗೆ ನನ್ನ ಹಲ್ಲು ಕಟಕಟ ಅನ್ನುವುದು ನಿಂತಿರಲಿಲ್ಲ. ನಾನು ಕಂಡೂ ಸುಮ್ಮನಿದ್ದದ್ದನ್ನು ಅಳಿಯನೇ ಹೇಳಲಿ ಅಂತ ಕಾದೆ. ಅವನು ಕೋಲನ್ನು ತುಂಡು ತುಂಡಾಗಿ ಬಿಚ್ಚಿ, ಒಂದೊಂದನ್ನೂ ಒದ್ದೆ ಅಂಗಿಯಿಂದ ಒರೆಸುತ್ತ ಕೂತ.

"ಇಲ್ಲಿ ಕೊಡು, ನಾನು ಹಿಡ್ಕೋತೀನಿ" ಅಂತ ಕೈ ಚಾಚಿದೆ.

ಅವನು ಕೊಡಲಿಲ್ಲ. ನಾಲ್ಕೂ ತುಂಡುಗಳನ್ನು ಕಂಕುಳಲ್ಲಿ ಅವುಚಿಕೊಂಡು, ಮನೆಯ ದಾರಿ ಹಿಡಿದು ನನ್ನ ಮುಂದೆ ನಡೆದ.